ಆರನೇ ಕೋಣೆಯ ಸಾಮಾನು

ಬಸ್ಸು ಕಂಪನಿಯ ಕಚೇರಿಯಲ್ಲಿ ಕೂತು, ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ಬರೆಯುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದರಿಂದ ಹೆಂಡತಿಯ ತಮ್ಮ ಅವನನ್ನು ಟೈಮ್‌ಟೇಬಲ್ ಭಾವ ಎಂದು ಕರೆಯುತ್ತಿದ್ದ. ಆ ಹೆಸರು ಮೆಟ್ಟಿಲಿಳಿದು ಕಟ್ಟಡವನ್ನೆಲ್ಲ ಸುತ್ತಿತು. ಸುತ್ತುವಾಗ ಟೈಮ್‌ಟೇಬಲ್ ಎಲ್ಲೋ ಉದುರಿಹೋಗಿ ಬರೀ ಭಾವ ಉಳಿಯಿತು. ಹನ್ನೆರಡು ಮನೆಯವರಿಗೂ, ಹಾಲಿನವನಿಗೂ, ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಹಿರಿಯರಿಗೂ ಅವನು ಭಾವನೇ.

ಕಟ್ಟಡದ ನೆಲಮಾಳಿಗೆಯಲ್ಲಿ ಮನೆಗೊಂದರಂತೆ ಹನ್ನೆರಡು ಪುಟ್ಟ ಸಾಮಾನು ಕೋಣೆಗಳಿದ್ದವು. ಅಲ್ಲಿನ ನೀರಿನ ಪೈಪುಗಳನ್ನು ಬದಲಾಯಿಸಬೇಕು, ತಿಂಗಳ ಕೊನೆಯೊಳಗೆ ಎಲ್ಲರೂ ಕೋಣೆ ಖಾಲಿ ಮಾಡಬೇಕು ಎಂದು ಕಟ್ಟಡದ ಕಾರ್ಯದರ್ಶಿ ಚೀಟಿ ಅಂಟಿಸಿದ. ಭಾವನ ಹೆಂಡತಿ ಚೀಟಿ ಓದಿ ನಿಟ್ಟುಸಿರು ಬಿಟ್ಟಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಿಗ್ಗೆ ಆರಕ್ಕೇ ಹೋಗಿ ಜನರ ತೋಳಿನಿಂದ ರಕ್ತ ತೆಗೆಯುವವಳು. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಬೆನ್ನು ಅವಳ ಮಾತು ಕೇಳುತ್ತಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ಅವಳಮ್ಮನ ಮನೆ ತೆರವಾದಾಗ ಅಲ್ಲಿದ್ದದ್ದನ್ನೆಲ್ಲ ಅವಳ ತಮ್ಮ ವ್ಯಾನಿಗೆ ತುಂಬಿ ತಂದು ಕೆಳಗಿನ ಕೋಣೆಗೆ ಸುರಿದು ಹೋಗಿದ್ದ. ಆಗ ಭಾವನ ಕಾಲಿಗೆ ಪ್ಲಾಸ್ಟರು ಬಿದ್ದಿತ್ತು. ಅಂದಿನಿಂದ ಇಂದಿನವರೆಗೆ ಅವನು ಆ ಕಡೆ ತಲೆ ಹಾಕಿರಲಿಲ್ಲ. ಅವಳೂ ಹೋದದ್ದು ಕಡಿಮೆಯೇ.

ಬಾಕಿಯಿದ್ದ ಎರಡು ವಾರದ ರಜೆಯನ್ನು ಇದಕ್ಕೇ ಹಾಕಿ, ಕೋಣೆಯನ್ನು ತಾನೇ ಖಾಲಿ ಮಾಡುವುದಾಗಿ ಭಾವ ಹೇಳಿದ. ಹೆಂಡತಿ ಕೀಲಿ ಕೊಡುತ್ತ ಒಂದೇ ಒಂದು ಷರತ್ತು ಹಾಕಿದಳು.

"ಏನೇ ಸಿಗ್ಲಿ, ನನಗೆ ತೋರಿಸ್ಬೇಡಿ. ತೋರಿಸಿದ್ರೆ ಒಂದು ಚಮಚಾನೂ ಕೊಡೋಕಾಗಲ್ಲ ನನಗೆ. ಬೇಕಾದವರಿಗೆ ಕೊಟ್ಟುಬಿಡಿ. ಆದ್ರೆ ಸುಮ್ನೆ ಬಿಸಾಕ್ಬೇಡಿ."

ನೆಲಮಾಳಿಗೆಯ ಕೋಣೆಗಳಿಗೆ ನಂಬರು ಹಾಕಿದವನು ಯಾವ ಲೆಕ್ಕದಲ್ಲಿ ಹಾಕಿದ್ದನೋ, ಮೂರರ ಪಕ್ಕ ಹನ್ನೊಂದು, ಹನ್ನೊಂದರ ಪಕ್ಕ ಒಂದು. ಟೈಮ್‌ಟೇಬಲ್ ಬರೆಯುವವನಿಗೆ ಅದನ್ನು ನೋಡಿಯೇ ಮೈಯೆಲ್ಲ ಉರಿಯಿತು. ನಾಲ್ಕನೇ ಬಾಗಿಲ ಮೇಲೆ ತಮ್ಮ ಮನೆಯ ನಂಬರು, ಆರು, ಕಂಡಿತು. ಕೀಲಿ ಹಾಕಿದರೆ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಎಣ್ಣೆ ಬಿಟ್ಟ, ಊದಿದ, ಬೀಗವನ್ನು ಹಿಡಿದು ಜಗ್ಗಿದ. ಬಾಗಿಲಿನ ಮರ ಮೆತ್ತಗಾಗಿ ಹೋಗಿತ್ತು. ಚಿಲಕ ತನ್ನ ಸ್ಕ್ರೂಗಳ ಸಮೇತ ಕೈಗೆ ಬಂತು. ಒಂಬತ್ತು ವರ್ಷದಲ್ಲಿ ಅಪರೂಪಕ್ಕೆ ಮುಟ್ಟಿದ ಬೀಗ ಇನ್ನು ಹೇಗಿದ್ದೀತು ಎಂದುಕೊಂಡು ಅವನು ಒಳಗೆ ಹೋದ.

ಮೊದಲ ದಿನ ಕೈಗೆ ಸಿಕ್ಕ ಬಟ್ಟೆಬರೆಯನ್ನು ನಾಲ್ಕು ಚೀಲಕ್ಕೆ ತುಂಬಿ, ಹಳೆಯ ಮುದ್ರಣಾಲಯದ ಶೆಡ್ಡಿನಲ್ಲಿ ನಡೆಯುತ್ತಿದ್ದ ದಾನಕೇಂದ್ರಕ್ಕೆ ಒಯ್ದ. ಅಲ್ಲಿ ಉದ್ದನೆಯ ಮೇಜಿನ ಹಿಂದೆ ಸಾಮಾನು ವಿಂಗಡಿಸುವ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕ ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು, ಮೂಸಿ, ಜಿಪ್ಪು ಎಳೆದು ನೋಡಿ, ಎರಡೂವರೆ ಚೀಲವನ್ನು ಅವನ ಕಡೆಗೇ ತಳ್ಳಿದಳು. ಇದು ಬಡವರಿಗೇ ತಾನೇ ಎಂದು ಭಾವ ಬಾಯಿ ತೆರೆದಿದ್ದೇ ತಡ, ಅವಳು ಕನ್ನಡಕ ತೆಗೆದಿಟ್ಟಳು.

"ಇದನ್ನ ನಿಮ್ಮ ತಂಗಿಗೆ ಕೊಡ್ತೀರಾ? ಕೊಡೋದಾದ್ರೆ ಇಲ್ಲಿಡಿ. ಇಲ್ಲಾಂದ್ರೆ ನಿಮ್ಮ ಕಸ ನಾವು ಎಸೀಬೇಕಾಗುತ್ತೆ, ಅಷ್ಟೇ."

ಭಾವ ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬಂದ. ಆದರೆ ಆ ಮಾತು ಅವನಿಗೆ ಹಿಡಿಸಿತ್ತು. ಮರುದಿನದಿಂದ ಅವನ ಕೆಲಸಕ್ಕೆ ಒಂದು ಕ್ರಮ ಬಂತು. ಬಟ್ಟೆ ಒಗೆದು ಒಣಗಿಸಿದ, ಗುಂಡಿ ಹೊಲಿದ, ತೂತು ಬಿದ್ದ ಕಂಬಳಿಗಳನ್ನು ಬೀದಿನಾಯಿಗಳ ಆಸ್ಪತ್ರೆಗೆಂದು ಬೇರೆ ಕಟ್ಟಿದ. ಯಾರಿಗೆ ಏನು ಬೇಕೆಂದು ಮೊದಲೇ ಫೋನು ಮಾಡಿ ಕೇಳಿದ. ಪ್ರತಿಯೊಂದು ಸಾಮಾನಿಗೂ ದಾರದಲ್ಲಿ ಒಂದು ಚೀಟಿ ಕಟ್ಟಿ, ಅದು ಏನು, ಅದರಲ್ಲಿರುವ ದೋಷವೇನು ಎಂದು ಮುಚ್ಚುಮರೆಯಿಲ್ಲದೆ ಬರೆದ. ಯಾವುದು ಎಲ್ಲಿಗೆ, ಯಾವ ದಿನ, ಯಾರ ಕೈಗೆ ಹೋಯಿತೆಂದು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಟ್ಟ.

ಕೆಲಸವೇನೋ ಸಲೀಸಾಗಿ ಸಾಗಿತು. ಸಾಗದೆ ಹೋದದ್ದು ಅವನ ತಲೆ.

ಮೊದಲು ಸಿಕ್ಕಿದ್ದು ಚಕ್ರದ ಬೂಟುಗಳು, ಕೆಂಪು ಲೇಸಿನವು, ಹೆಂಗಸಿನ ಅಳತೆಯವು. ಚಕ್ರಗಳು ಒಂದು ಪಕ್ಕಕ್ಕೆ ಸವೆದಿದ್ದವು. ಯಾರೋ ಅವನ್ನು ಹಾಕಿಕೊಂಡು ಸಾಕಷ್ಟು ದೂರ ಹೋಗಿದ್ದರು. ಅತ್ತೆಯವರದಂತೂ ಇರಲಾರದು, ಅವರು ಲಿಫ್ಟಿಗೂ ಹೆದರುತ್ತಿದ್ದವರು. ಅಂದಮೇಲೆ ಇವಳೇ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಳ್ಳುವ ತನ್ನ ಹೆಂಡತಿ ಒಂದು ಕಾಲದಲ್ಲಿ ಕೆಂಪು ಲೇಸು ಬಿಗಿದುಕೊಂಡು ಬೀದಿಯಲ್ಲಿ ಜಾರಿಕೊಂಡು ಹೋದಳೇ? ಆಮೇಲೆ ಇಬ್ಬರಿಗಾಗುವಷ್ಟು ದೊಡ್ಡ ಗುಡಾರ ಸಿಕ್ಕಿತು. ಇಬ್ಬರು ಎಂದರೆ ಇವಳು, ಇನ್ನೊಬ್ಬರು ಯಾರು? ಆಮೇಲೆ ಕಪ್ಪು ಪೆಟ್ಟಿಗೆಯಲ್ಲಿ ಒಂದು ಅಕಾರ್ಡಿಯನ್, ಹೆಗಲಿಗೆ ಹಾಕಿಕೊಂಡು ನುಡಿಸುವ ಹಾರ್ಮೋನಿಯಂ. ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಳೆದ. ದನ ಕೂಗಿದಂತಾಯಿತು. ಎಡಗಡೆಯ ಮೂರನೇ ಗುಂಡಿ ಅಂಟಿಕೊಳ್ಳುತ್ತದೆ ಎಂದು ಚೀಟಿಯಲ್ಲಿ ಬರೆದನಾದರೂ ಬಹಳ ಹೊತ್ತು ಅದನ್ನು ಕಟ್ಟಲಿಲ್ಲ.

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ತನಗೆ ತಿಳಿಯದವಳೊಬ್ಬಳು ತನ್ನ ಜೊತೆ ಊಟ ಮಾಡುತ್ತಿದ್ದಳೇ ಎಂದು ಅವನಿಗೆ ದಿಗಿಲಾಯಿತು. ದಿಗಿಲಿನ ಹಿಂದೆಯೇ ಮತ್ತೇನೋ ಒಂದು ಸುಖವೂ ಇತ್ತು. ಅದಕ್ಕೆ ಏನು ಹೆಸರಿಡಬೇಕೆಂದು ತಿಳಿಯಲಿಲ್ಲ. ಅವಳು ತರಕಾರಿ ಹೆಚ್ಚುವಾಗ ಅವಳ ಬೆರಳನ್ನೇ ನೋಡುತ್ತ ನಿಂತ. ಅವಳು ಕೆಲಸದಿಂದ ಬರುವ ಹೊತ್ತಿಗೆ ಬಾಗಿಲಲ್ಲೇ ಕಾದು ಚೀಲ ಇಸಿದುಕೊಂಡ. ಒಂದು ಸಂಜೆ ತಡೆಯಲಾರದೆ, ಸಂಗೀತ ಅಂದರೆ ನಿನಗೆ ಇಷ್ಟ ಇತ್ತಾ ಎಂದು ಸುತ್ತಿ ಬಳಸಿ ಕೇಳಿದ. ಒಂದು ಕಾಲದಲ್ಲಿ ಎಲ್ಲಾ ಇಷ್ಟ ಇತ್ತು ಎಂದು ಹೇಳಿ ಅವಳು ನಕ್ಕಳು. ಭಾವನಿಗೆ ಅಷ್ಟು ಸಾಕಾಯಿತು. ಅಂದು ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಸೀಸೆಯನ್ನು ಕೈಯಿಂದ ತೆಗೆದುಕೊಂಡು ತಾನೇ ಹಚ್ಚಿದ. ಏನಾಗಿದೆ ನಿಮಗೆ ಎಂಬಂತೆ ನೋಡಿ ಕಣ್ಣು ಮುಚ್ಚಿಕೊಂಡಳು.

ಎಂಟನೇ ದಿನ ಗೋಡೆಗೊರಗಿಸಿದ್ದ ಹಲಗೆಗಳನ್ನು ಎಳೆದಾಗ ಅವು ಹಲಗೆಗಳಲ್ಲ, ಮಡಚಿಟ್ಟ ಮಗುವಿನ ಮಂಚ ಎಂದು ತಿಳಿಯಿತು. ನಾಲ್ಕೂ ಕಡೆ ಕಟಕಟೆಯಿದ್ದ, ತಿಳಿ ಹಸಿರು ಬಣ್ಣದ ಪುಟ್ಟ ಮಂಚ.

ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾದ ಮೊದಲ ಏಳೆಂಟು ವರ್ಷ ಡಾಕ್ಟರುಗಳ ಬಾಗಿಲು ಕಾದು, ಆಮೇಲೆ ಒಂದು ದಿನ ಇಬ್ಬರೂ ಮಾತಾಡಿಕೊಳ್ಳದೆಯೇ ಹೋಗುವುದನ್ನು ನಿಲ್ಲಿಸಿದ್ದರು. ಆ ಮಾತನ್ನು ಎತ್ತುವುದನ್ನೂ ಹಾಗೆಯೇ ನಿಲ್ಲಿಸಿದ್ದರು. ಭಾವ ಸಿಮೆಂಟು ನೆಲದ ಮೇಲೆ ಕುಸಿದು ಕೂತ. ಇವಳು ಇದನ್ನು ಯಾವಾಗ ಕೊಂಡಳು? ತನಗೆ ಹೇಳದೆ ಕೊಂಡು, ತನಗೆ ಕಾಣದಂತೆ ಅಮ್ಮನ ಮನೆಯಲ್ಲಿ ಬಚ್ಚಿಟ್ಟು, ಈಗ ನನಗೆ ತೋರಿಸಬೇಡಿ ಎಂದಳೇ? ಕೇಳೋಣವೆಂದರೆ ತೋರಿಸಬೇಡಿ ಎಂದಿದ್ದಾಳೆ. ಕೇಳದಿರೋಣವೆಂದರೆ ಎದೆಯ ಮೇಲೆ ಕಲ್ಲು ಕೂತಂತಾಗಿದೆ. ಎರಡು ದಿನ ಅವನು ಮಂಚವನ್ನು ಒರೆಸುವುದೂ ಮಡಚುವುದೂ ಮಾಡಿದ. ಮೂರನೇ ದಿನ ಸಡಿಲಾದ ಸ್ಕ್ರೂಗಳನ್ನು ಬಿಗಿದು, ಕಟಕಟೆಗಳ ನಡುವೆ ಮಗುವಿನ ತಲೆ ಸಿಕ್ಕಿಕೊಳ್ಳುವಷ್ಟು ಸಂದಿಲ್ಲವೆಂದು ಅಳೆದು ನೋಡಿ, ಮನೆ ಬಿಟ್ಟು ಬಂದ ತಾಯಂದಿರಿಗಾಗಿ ಇದ್ದ ಆಸರೆಮನೆಗೆ ಕೊಟ್ಟು ಬಂದ.

ರಜೆಯ ಕೊನೆಯ ದಿನ, ಶುಕ್ರವಾರ, ಕೋಣೆ ಗುಡಿಸಿ ಮುಗಿಸಿದ್ದ. ಮಧ್ಯಾಹ್ನ ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದಾಗ ಕಾರ್ಯದರ್ಶಿ ಬಂದು, ಸ್ವಲ್ಪ ಕೆಳಗೆ ಬನ್ನಿ ಭಾವ, ಹಲ್ಲಿನಮ್ಮನವರ ಸಾಮಾನೆಲ್ಲ ಕಳುವಾಗಿದೆ ಎಂದ. ಹಲ್ಲಿನಮ್ಮ ಎಂದರೆ ಒಂಬತ್ತನೇ ಮನೆಯ ಹೆಂಗಸು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಮಗನ ಮನೆಯಲ್ಲಿದ್ದು ಅಂದೇ ಹಿಂತಿರುಗಿದ್ದರು.

ನೆಲಮಾಳಿಗೆಯಲ್ಲಿ ಅವರು ಊರುಗೋಲಿನ ಮೇಲೆ ಭಾರ ಹಾಕಿಕೊಂಡು, ಭಾವ ಆಗಷ್ಟೇ ಗುಡಿಸಿದ್ದ ಕೋಣೆಯನ್ನು ನೋಡುತ್ತ ನಿಂತಿದ್ದರು.

"ಕಳ್ಳರು ನೆಲ ಒರೆಸಿ ಹೋಗಿದ್ದಾರೆ," ಎಂದರು.

ಇದು ನಮ್ಮ ಕೋಣೆ ಎಂದು ಭಾವ ಹೇಳಲು ಹೋದ. ಅವನ ಹೆಂಡತಿ ಅವನ ತೋಳು ಹಿಡಿದು, ನಮ್ಮದು ಆ ತಿರುವಿನಾಚೆ, ಪಂಪಿನ ಪಕ್ಕ ಅಲ್ಲವಾ ಎಂದಳು. ಕಾರ್ಯದರ್ಶಿ ಬಾಗಿಲ ಮೇಲಿನ ತಗಡನ್ನು ಬೆರಳಿನಿಂದ ಮುಟ್ಟಿದ. ಅದರ ಮೇಲಿನ ಮೊಳೆ ಎಂದೋ ಬಿದ್ದುಹೋಗಿ, ತಗಡು ಕೆಳಗಿನ ಮೊಳೆಯೊಂದರ ಮೇಲೆಯೇ ತಲೆಕೆಳಗಾಗಿ ತೂಗುತ್ತಿತ್ತು. ಅದನ್ನು ಮೇಲಕ್ಕೆ ತಿರುಗಿಸಿದಾಗ ಆರು ಹೋಗಿ ಒಂಬತ್ತಾಯಿತು. ಕೈ ಬಿಟ್ಟಾಗ ಮತ್ತೆ ಆರಾಯಿತು.

ಭಾವ ತಗಡನ್ನು ತಾನೇ ಒಮ್ಮೆ ತಿರುಗಿಸಿ ನೋಡಿದ. ಕಳುವಾಗಿಲ್ಲ, ತಾನೇ ಎಲ್ಲವನ್ನೂ ದಾನ ಮಾಡಿದ್ದೇನೆ ಎಂದು ಹೇಗೋ ಹೇಳಿದ. ಹೇಳುವಾಗ ಅವನ ಕಣ್ಣು ಹಲ್ಲಿನಮ್ಮನ ಮೇಲಿರಲಿಲ್ಲ, ಹೆಂಡತಿಯ ಮೇಲಿತ್ತು. ಎರಡು ವಾರ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದವಳು ಅಲ್ಲೇ, ಆ ಕ್ಷಣದಲ್ಲೇ, ಕಣ್ಣೆದುರು ಕರಗಿಹೋಗುತ್ತಿದ್ದಳು. ಇವಳು ಅಕಾರ್ಡಿಯನ್ ನುಡಿಸಿರಲಿಲ್ಲ. ಚಕ್ರದ ಬೂಟು ಹಾಕಿರಲಿಲ್ಲ. ಮಂಚ? ಅದೂ ಇವಳದಲ್ಲ. ಸಂತೋಷವಾಗಬೇಕೋ ಬೇಡವೋ ತಿಳಿಯದೆ ಅವನು ಕಣ್ಣು ಕಣ್ಣು ಬಿಟ್ಟ.

"ಹಸಿರು ಮಂಚ?" ಎಂದು ಹಲ್ಲಿನಮ್ಮ ಕೇಳಿದರು.

"ಕೊಟ್ಟೆ."

"ವಾಪಸ್ಸು ತಗೊಂಡು ಬನ್ನಿ."

ಶನಿವಾರ ಬೆಳಿಗ್ಗೆ ಅವರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು, ನೋಟುಪುಸ್ತಕ ಹಿಡಿದು ಭಾವ ಹೊರಟ. ಮಾಡಿದ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡವರನ್ನು ತಾನು ಕಂಡಿಲ್ಲವೆಂದು ಹಲ್ಲಿನಮ್ಮ ಹೇಳಿದರು. ಅದು ಹೊಗಳಿಕೆಯೋ ಬೈಗುಳವೋ ಅವನಿಗೆ ಗೊತ್ತಾಗಲಿಲ್ಲ. ದಾನಕೇಂದ್ರದಲ್ಲಿ ಚಕ್ರದ ಬೂಟುಗಳು ಅದಾಗಲೇ ಯಾರ ಜೊತೆಗೋ ಹೋಗಿದ್ದವು. ಅಕ್ಕ ಕನ್ನಡಕವನ್ನು ಮೇಲಕ್ಕೇರಿಸಿ ಭಾವನನ್ನೇ ನೋಡಿದಳು. ನಿಮ್ಮದಲ್ಲದ್ದನ್ನು ತರಬೇಡಿ ಎಂದು ಗೋಡೆಯ ಮೇಲೆ ಬರೆಸಿಲ್ಲ, ಅದನ್ನೂ ಬರೆಸಬೇಕೆಂದು ಗೊತ್ತಿರಲಿಲ್ಲ ಎಂದಳು. ಹೋದವು ಹೋಗಲಿ ಎಂದು ಹಲ್ಲಿನಮ್ಮ ಊರುಗೋಲನ್ನು ಎತ್ತಿ ತೋರಿಸಿದರು. ಗುಡಾರ ಕೊಟ್ಟಿದ್ದ ಶಾಲೆಗೆ ಶನಿವಾರ ರಜೆ. ಅಕಾರ್ಡಿಯನ್ ಕೊಟ್ಟಿದ್ದ ಗ್ರಂಥಾಲಯದ ಸಂಗೀತ ಕೋಣೆಯಲ್ಲಿ ಒಬ್ಬ ಬಡಗಿ ಅದನ್ನು ಕಲಿಯುತ್ತಿದ್ದ. ವಿಷಯ ತಿಳಿದ ತಕ್ಷಣ ಅವನು ಹೆಗಲಿನಿಂದ ಪಟ್ಟಿ ಬಿಚ್ಚತೊಡಗಿದ. ಹಲ್ಲಿನಮ್ಮ ಅವಸರವಾಗಿ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡಪ್ಪಾ, ಅದನ್ನ ಮಾತ್ರ ವಾಪಸ್ಸು ಕೊಡ್ಬೇಡ. ಹದಿನಾಲ್ಕು ವರ್ಷ ನಮ್ಮನೆಯವರು ಅದರಲ್ಲಿ ಒಂದೇ ಹಾಡು ನುಡಿಸಿದ್ರು. ಅದೂ ಅರ್ಧ."

ಟ್ಯಾಕ್ಸಿಗೆ ಮರಳುವಾಗ ಭಾವ ಧೈರ್ಯ ಮಾಡಿ ಮಂಚದ ಮಾತೆತ್ತಿದ. ಏನೋ ದೊಡ್ಡ ದುಃಖವಿರಬೇಕೆಂದು ಎದೆ ಗಟ್ಟಿ ಮಾಡಿಕೊಂಡಿದ್ದ. ಅಂಥದ್ದೇನೂ ಇರಲಿಲ್ಲ. ಅವರ ಮಗ ಅದರಲ್ಲಿ ವರ್ಷವಿಡೀ ಮಲಗಿ, ಬೆಳೆದು, ಈಗ ಲಾರಿ ಓಡಿಸುತ್ತಿದ್ದ. ಆ ಮಂಚ ಕಂಡರೆ ನಗುತ್ತಿದ್ದ. ಮತ್ತೆ ಅದು ಏಕೆ ಬೇಕು ಎಂದು ಭಾವ ಕೇಳಿದ.

"ನನ್ನದು ಅಂತ," ಎಂದರು ಅವರು. "ಕೊಡೋದಾದ್ರೆ ನಾನು ಕೊಡ್ತೀನಿ. ನೀವ್ಯಾರ್ರೀ ಕೊಡೋಕೆ?"

ಆಸರೆಮನೆಯಲ್ಲಿ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಅದರೊಳಗೆ ಐದಾರು ತಿಂಗಳ ಮಗುವೊಂದು ಎರಡೂ ಕೈಗಳನ್ನು ತಲೆಯ ಮೇಲೆ ಚೆಲ್ಲಿಕೊಂಡು ನಿದ್ದೆ ಹೋಗಿತ್ತು. ತಾಯಿ ಗೋಡೆಗೊರಗಿ ನಿಂತು ಬಂದವರನ್ನು ಹೆದರಿಕೆಯಿಂದ ನೋಡಿದಳು. ಭಾವ ನೆಲ ನೋಡತೊಡಗಿದ. ಈಗ ಹಲ್ಲಿನಮ್ಮನ ಮನಸ್ಸು ಕರಗುತ್ತದೆ, ಇರಲಿ ಬಿಡಿ ಎನ್ನುತ್ತಾರೆ ಎಂದು ಕಾದ. ಅವರು ಮಗುವನ್ನು ನೋಡಿದರು, ಕಟಕಟೆಯನ್ನು ಸವರಿದರು, ಸ್ಕ್ರೂಗಳನ್ನು ಯಾರು ಇಷ್ಟು ಚೆನ್ನಾಗಿ ಬಿಗಿದದ್ದು ಎಂದು ಕೇಳಿದರು. ಆಮೇಲೆ ಮೇಲ್ವಿಚಾರಕಿಯ ಕಡೆ ತಿರುಗಿ, ಮಗು ಏಳುವ ತನಕ ಕಾಯುತ್ತೇನೆ, ಅಷ್ಟರಲ್ಲಿ ಈ ಭಾವ ಹೋಗಿ ಇನ್ನೊಂದು ಮಂಚ ತರುತ್ತಾರೆ ಎಂದು ಒಂದು ಕುರ್ಚಿ ಎಳೆದುಕೊಂಡು ಕೂತರು.

ಭಾವ ಹೋದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮಕ್ಕಳ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದ. ಮಗುವಿಗೆ ಎಷ್ಟು ತಿಂಗಳು ಎಂದು ಅಂಗಡಿಯ ಹುಡುಗಿ ಕೇಳಿದಾಗ ನಮ್ಮದಲ್ಲ ಎಂದ. ಮತ್ತೆ ಏನೋ ಸರಿಯಾಗಲಿಲ್ಲವೆನಿಸಿ, ಐದಾರು ಎಂದ. ಅವಳು ತೋರಿಸಿದ್ದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಟ್ಯಾಕ್ಸಿಯ ತಲೆಗೆ ಕಟ್ಟಿಸಿ ತಂದ. ಹಿಂತಿರುಗಿ ಬಂದಾಗ ಮಗು ಎಚ್ಚರವಾಗಿ ಹಲ್ಲಿನಮ್ಮನ ಮಡಿಲಲ್ಲಿತ್ತು. ಅವರು ಅದರ ಬಾಯಿಗೆ ಬೆರಳಿಟ್ಟು, ಇನ್ನು ಹದಿನೈದು ದಿನಕ್ಕೆ ಕೆಳಗಿನ ಹಲ್ಲು ಬರುತ್ತದೆಂದು ತಾಯಿಗೆ ಹೇಳುತ್ತಿದ್ದರು. ತಾಯಿ ಹೊಸ ಮಂಚ ನೋಡಿ ಮೊದಲ ಸಲ ನಕ್ಕಳು. ಹಸಿರು ಮಂಚ ಮೂರನೇ ಮಹಡಿಯ ಹಲ್ಲಿನಮ್ಮನ ಮನೆಗೆ ಏರಿತು. ವಾರದೊಳಗೆ ಅದರ ತುಂಬ ಸುಣ್ಣದ ಬಣ್ಣದ ಹಲ್ಲಿನ ಅಚ್ಚುಗಳು ಸಾಲಾಗಿ ಕೂತವು. ಅದಕ್ಕಾಗಿ ಇಷ್ಟೆಲ್ಲವೇ ಎಂದು ಭಾವನಿಗೆ ಅನ್ನಿಸಿತು. ಅವರದು ಅವರಿಷ್ಟ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಸರಿಯೆಂದು ಈಗಲೂ ಅವನಿಗೆ ತಿಳಿದಿಲ್ಲ.

ಮಂಚ ತಂದ ಆ ಶನಿವಾರ ಸಂಜೆಯೇ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಬೂಟು, ಗುಡಾರ, ಅಕಾರ್ಡಿಯನ್, ತಾನು ಕಟ್ಟಿದ ಗಾಳಿಗೋಪುರ ಎಲ್ಲ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಗುಡಾರದಲ್ಲಿದ್ದ ಇನ್ನೊಬ್ಬ ಹೇಗಿದ್ದ ಎಂದು ಕೇಳಿದಳು. ಆಮೇಲೆ ನಗು ನಿಲ್ಲಿಸಿದಳು.

"ಹಾಗಾದ್ರೆ ಈ ಎರಡು ವಾರದಲ್ಲಿ ನೀವು ಕಾಲಿಗೆ ಎಣ್ಣೆ ಹಚ್ಚಿದ್ದು ಯಾರಿಗೆ?"

ನಿನಗೇ ಎಂದರೆ ಸುಳ್ಳಾಗುತ್ತಿತ್ತು, ನಿನಗಲ್ಲ ಎಂದರೆ ಅದೂ ಸುಳ್ಳೇ. ಅವಳು ಮೇಜಿನ ಮೇಲೆ ಬಿದ್ದಿದ್ದ ಸಕ್ಕರೆಯ ಕಾಳುಗಳನ್ನು ಬೆರಳಿನಿಂದ ಒಂದೆಡೆ ಸೇರಿಸುತ್ತ ಕೂತಳು. ಮಂಚದ ಮಾತನ್ನು ಅವನು ಕೊನೆಗೆ ಉಳಿಸಿಕೊಂಡಿದ್ದ, ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅದನ್ನು ಕೇಳಿ ಅವಳು ನಗಲಿಲ್ಲ. ನಾನು ಅಂಥದ್ದನ್ನೆಲ್ಲ ಬಚ್ಚಿಡುವವಳಾ ಎಂದಳು. ಆಮೇಲೆ ಅವನ ಕಡೆ ನೋಡದೆ ಹೇಳಿದಳು:

"ಒಂದ್ಸಲ ಅಂಗಡಿ ತನಕ ಹೋಗಿದ್ದೆ. ಒಳಗೆ ಹೋಗ್ಲಿಲ್ಲ."

ಯಾವಾಗ ಎಂದು ಭಾವ ಕೇಳಿದ. ನೆನಪಿಲ್ಲ ಎಂದಳು. ಯಾವ ಅಂಗಡಿ ಎಂದ. ಈಗ ಅದು ಔಷಧಿ ಅಂಗಡಿಯಾಗಿದೆ ಎಂದಳು. ಹಾಗಾದರೆ ತಾನು ತಿಳಿದುಕೊಂಡದ್ದು ಪೂರಾ ತಪ್ಪೇ, ಅರ್ಧ ಸರಿಯೇ? ಅವನು ಅವಳ ಕೈ ಹಿಡಿದುಕೊಂಡ. ಬೆರಳಿಗೆ ಸಕ್ಕರೆ ಅಂಟಿತು. ಕರಗಿಹೋದವಳೂ ಉಳಿದವಳೂ ಒಬ್ಬಳೇ ಎಂದು ಅವನಿಗೆ ಅರೆಕ್ಷಣ ಅನ್ನಿಸಿತು. ಮರುಕ್ಷಣ ಅದೂ ಗೊಂದಲವಾಯಿತು.

ತಿಂಗಳು ಮುಗಿಯಲು ಎರಡು ದಿನವಿತ್ತು. ಭಾನುವಾರ ಇಬ್ಬರೂ ಕೆಳಗಿಳಿದು ಪಂಪಿನ ಪಕ್ಕದ ನಿಜವಾದ ಆರನೇ ಕೋಣೆಯ ಬೀಗ ತೆಗೆದರು. ಕೀಲಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಒಳಗೆ ಅವಳಮ್ಮನ ಪಾತ್ರೆಗಳು, ಕಾಲು ಮುರಿದ ಹೊಲಿಗೆ ಯಂತ್ರ, ಸುತ್ತಿಟ್ಟ ಹಾಸಿಗೆ, ಹಳೆಯ ಪತ್ರಿಕೆಗಳ ಕಟ್ಟು, ಮೂರು ಗೋಡೆ ಗಡಿಯಾರ. ತೋರಿಸಬೇಡಿ ಎಂದವಳು ಈಗ ತಾನೇ ಮುಂದೆ ನಿಂತು ಒಂದೊಂದನ್ನೂ ಎತ್ತಿ ನೋಡಿದಳು. ಕೆಲವನ್ನು ಕೊಡುವ ಕಡೆ ಇಟ್ಟಳು, ಮತ್ತೆ ಎತ್ತಿಕೊಂಡಳು, ಮತ್ತೆ ಇಟ್ಟಳು. ಒಂದು ಬಾಗಿದ ಸೌಟನ್ನು ಹಿಡಿದುಕೊಂಡು ಇದು ಯಾರದ್ದಪ್ಪಾ ಎಂದು ಅವನನ್ನೇ ಕೇಳಿದಳು. ಭಾವನಿಗೇನು ಗೊತ್ತು. ಅವನು ಮಾತ್ರ ಪ್ರತಿ ಸಾಮಾನಿನ ಹಿಂದೆಯೂ ಇಣುಕುತ್ತಿದ್ದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಸ್ಪಷ್ಟವಿರಲಿಲ್ಲ.

ಹಾಸಿಗೆಯನ್ನು ಎರಡು ತುದಿಯಲ್ಲಿ ಹಿಡಿದು ಎತ್ತುವಾಗ ಪಂಪು ಚಾಲೂ ಆಯಿತು. ಆ ಸದ್ದಿನಲ್ಲಿ ಅವಳು ಏನೋ ಹೇಳಿದಳು. ತುಟಿ ಬಹಳ ಹೊತ್ತು ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಏನು ಎಂದು ಕೂಗಿದ. ಅವಳು ಗದ್ದದಿಂದಲೇ ಮೆಟ್ಟಿಲ ಕಡೆ ತೋರಿಸಿದಳು. ಹಾಸಿಗೆ ಹೊತ್ತುಕೊಂಡು ಮೇಲೆ ಬಂದು, ಬೆಳಕಿನಲ್ಲಿ ಉಸಿರು ಬಿಡುತ್ತ ನಿಂತಾಗ ಅವನು ಮತ್ತೆ ಕೇಳಿದ.

"ಏನೂ ಇಲ್ಲ," ಎಂದಳು. "ನಿಧಾನ ಅಂದೆ."

ಅಷ್ಟು ಉದ್ದದ ಮಾತಿಗೆ ಅದು ಬಹಳ ಚಿಕ್ಕದಾಯಿತು ಎಂದು ಅವನಿಗೆ ಅನ್ನಿಸಿತು. ಆದರೆ ಅವಳು ಅಷ್ಟರಲ್ಲಿ ಹಾಸಿಗೆಯನ್ನು ಬಿಸಿಲಿಗೆ ಬಿಚ್ಚಿ ಹಾಕಿ, ಅದನ್ನು ಬಡಿಯಲು ಒಂದು ಕೋಲು ಹುಡುಕುತ್ತಿದ್ದಳು.